ಮೇಷ್ಟ್ರು ಬರೆದ ನಲ್ಲಿ ನೀರು

ನಮ್ಮೂರಲ್ಲಿ ನಲ್ಲಿಯಿಂದ ಬೀಳೋ ನೀರನ್ನ ಯಾರೂ ನೋಡಂಗಿಲ್ಲ. ನೋಡಿದ್ರೆ ನಿಂತೋಗುತ್ತೆ. ಮಳೆ ನೀರು ನೋಡಬಹುದು, ಬಾವಿ ನೀರು ನೋಡಬಹುದು. ಬಕೆಟ್ ತುಂಬಿದ ಮೇಲೆ ಅದೇ ನಲ್ಲಿ ನೀರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಇಡೀ ದಿನ ನೋಡಿದ್ರೂ ಅದಕ್ಕೇನೂ ಬೇಜಾರಿಲ್ಲ. ನಲ್ಲಿ ಬಾಯಿಂದ ಬಕೆಟ್ ತಳದ ತನಕ ಇರೋ ಆ ಎರಡು ಅಡಿ ಇದೆಯಲ್ಲ, ಅಷ್ಟು ದೂರ ಮಾತ್ರ ನಾವು ಮುಖ ಆ ಕಡೆ ತಿರುಗಿಸ್ಕೋಬೇಕು.

ಇದರಲ್ಲಿ ನಮಗೇನೂ ಕಷ್ಟ ಅನ್ಸಲ್ಲ, ಹುಟ್ಟಿದಾಗಿಂದ ರೂಢಿ. ಬೀದಿ ನಲ್ಲಿ ಹತ್ರ ಹೆಂಗಸರೆಲ್ಲ ನಲ್ಲಿಗೆ ಬೆನ್ನು ಕೊಟ್ಟು ನಿಂತಿರ್ತಾರೆ. ಜಗಳ ಆಡಿದ್ರೂ ಹಂಗೇ ನಿಂತು ಆಡ್ತಾರೆ, ಹಾಗಾಗಿ ಯಾರು ಯಾರಿಗೆ ಬೈದ್ರು ಅನ್ನೋದು ಮನೆಗೆ ಹೋದ ಮೇಲೆ ಯೋಚನೆ ಮಾಡ್ಬೇಕು. ಕೊಡ ತುಂಬಿದ್ದು ಕಿವಿಗೆ ಗೊತ್ತಾಗುತ್ತೆ. ಹೆಣ್ಣು ನೋಡೋಕೆ ಬಂದೋರು ಹುಡುಗಿ ಹಾಡ್ತಾಳಾ ಅಂತ ಕೇಳಲ್ಲ, ಒಂದು ಕೊಡ ತುಂಬಮ್ಮ ಅಂತಾರೆ. ಒಂದು ತೊಟ್ಟು ಕೆಳಗೆ ಚೆಲ್ಲಿದ್ರೆ ಉಪ್ಪಿಟ್ಟು ತಿಂದು ಎದ್ದು ಹೋಗ್ತಾರೆ.

ಹೊರಗಿಂದ ಬಂದೋರಿಂದ ಮಾತ್ರ ತೊಂದರೆ. ಒಂದು ಸಲ ಹೊಸದಾಗಿ ವರ್ಗ ಆಗಿ ಬಂದ ಒಬ್ಬ ಆಫೀಸರು ಬೆಳಿಗ್ಗೆ ಬ್ರಷ್ ಬಾಯಲ್ಲಿಟ್ಟು ನಲ್ಲಿ ತಿರುಗಿಸಿ ನೋಡ್ತಾ ನಿಂತ್ರು. ನೀರು ನಿಲ್ತು. ಏನಾಯ್ತಪ್ಪಾ ಅಂತ ಬಗ್ಗಿ ಇನ್ನೂ ಹತ್ತಿರದಿಂದ ನೋಡಿದ್ರು. ಆ ಸಾಲಿನ ಆರು ಮನೆಗೆ ಮೂರು ದಿನ ನೀರಿಲ್ಲ. ಆಮೇಲೆ ಯಾರೋ ಹಿರಿಯರು ಹೋಗಿ ಅವರ ಹೆಗಲ ಮೇಲೆ ಕೈ ಹಾಕಿ ನಯವಾಗಿ ಆ ಕಡೆ ತಿರುಗಿಸಿದ್ರಂತೆ.

ದಿಟ್ಟಿಸಿ ನೋಡಿದ್ರೆ ಪೂರ್ತಿ ನಿಲ್ಲುತ್ತೆ, ಓರೆಗಣ್ಣಲ್ಲಿ ನೋಡಿದ್ರೆ ಸಣ್ಣ ಆಗುತ್ತೆ. ಹಾಗಾಗಿ ನಮ್ಮೂರಲ್ಲಿ ಒಂದು ಮನೇಲಿ ನೀರು ಜೋರಿಲ್ಲ ಅಂದ್ರೆ ಟ್ಯಾಂಕು, ವಾಲ್ವು ಅಂತ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಜ್ವರ ಬಂದೋರ ನಾಡಿ ಹಿಡಿದಂಗೆ ಮೊದಲು ಒಂದೇ ಪ್ರಶ್ನೆ ಕೇಳ್ತಾರೆ. ಯಾರು ನೋಡ್ತಿದ್ದಾರೆ?

ನಮ್ಮ ಮನೇಲಿ ನೀರು ಸಣ್ಣ ಆದಾಗ ಇದ್ದಿದ್ದು ಮೂರು ಜನ. ನಾನು, ಓಂಕಾರಪ್ಪ. ನನ್ನ ಹೆಂಡತಿ ಸರ್ವಮಂಗಳ. ಮಹಡಿ ಮೇಲಿನ ರೂಮಲ್ಲಿ ನನ್ನ ಸೋದರಮಾವ ಮುರಿಗೆಪ್ಪ ಮೇಷ್ಟ್ರು. ಮಾವ ಮದುವೆ ಆಗಿರ್ಲಿಲ್ಲ. ಹೈಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ರು. ನಮ್ಮಪ್ಪ ಹೋದ ವರ್ಷ, ಅಕ್ಕನ ಮನೇಲಿ ಒಂದು ಗಂಡು ದಿಕ್ಕು ಇರ್ಲಿ ಅಂತ ಒಂದು ಟ್ರಂಕು ತಗೊಂಡು ಬಂದೋರು, ಅಮ್ಮ ಹೋದ ಮೇಲೂ ಇಲ್ಲೇ ಉಳಿದ್ರು. ಮೂವತ್ತೊಂದು ವರ್ಷ ಆದ್ರೂ ಆ ಟ್ರಂಕಿನ ಪಕ್ಕ ಎರಡನೇ ಟ್ರಂಕು ಬಂದಿರ್ಲಿಲ್ಲ. ಅದಕ್ಕೂ ಮುಂಚೆ, ಚಿಕ್ಕಂದಿನಲ್ಲಿ, ನನ್ನ ಕೈ ಹಿಡಿದು ಮಾವಿನಕಾಯಿ ಬರೆಯೋಕೆ ಕಲಿಸಿದ್ದು ಅವರೇ. ನಾನು ಬರೆದಿದ್ದು ಯಾವತ್ತೂ ಬದನೆಕಾಯಿ ಆಗ್ತಿತ್ತು. ಬೈತಿರ್ಲಿಲ್ಲ, ಅದಕ್ಕೊಂದು ತೊಟ್ಟು ಬರೆದು ಒಳ್ಳೇ ಬದನೆಕಾಯಿ ಮಾಡಿ ಕೊಡ್ತಿದ್ರು.

ಮನೆ ನಮ್ಮ ತಾತ ಕಟ್ಟಿಸಿದ್ದು. ಮಣ್ಣಿನ ಗೋಡೆ ಎರಡು ಅಡಿ ದಪ್ಪ, ಅದರೊಳಗೆ ತಾತನ ಕಾಲದ ಕಬ್ಬಿಣದ ಪೈಪು. ಅಂಥ ಮನೇಲಿ ಒಂದು ಚಳಿಗಾಲದಲ್ಲಿ ಬಕೆಟ್ ತುಂಬೋಕೆ ಮೊದಲು ನಾಲ್ಕು ನಿಮಿಷ ಹಿಡೀತಿದ್ದಿದ್ದು ಹತ್ತಾಯ್ತು, ಆಮೇಲೆ ಇಪ್ಪತ್ತಾಯ್ತು. ಮಂಗಳ ಪಾತ್ರೆ ತೊಳೆಯೋಕೆ ನಲ್ಲಿ ಬಿಟ್ಟು, ಹೋಗಿ ಸೊಪ್ಪು ಬಿಡಿಸಿ, ಪಕ್ಕದ ಮನೆಯೋರ ಜೊತೆ ಮಾತಾಡಿ ವಾಪಸ್ ಬಂದ್ರೂ ಬೋಗುಣಿ ಅರ್ಧ.

"ಯಾರೋ ನೋಡ್ತಿದ್ದೀರ," ಅಂದ್ಲು ಒಂದು ದಿನ ಊಟಕ್ಕೆ ಬಡಿಸ್ತಾ. ಯಾರ ಕಡೆನೂ ನೋಡ್ದೆ ಸಾರಿನ ಸೌಟಿಗೆ ಹೇಳಿದಂಗೆ ಹೇಳಿದ್ಲು.

ಈಗ ನಿಮಗೆ ಒಂದು ವಿಷಯ ಹೇಳಿಬಿಡ್ತೀನಿ. ಅವತ್ತು ಊಟದ ಮನೇಲಿ ಯಾರಿಗೂ ಹೇಳಲಿಲ್ಲ. ನೋಡ್ತಿದ್ದೋನು ನಾನು.

ಬೇಕು ಅಂತ ಶುರು ಮಾಡಿದ್ದಲ್ಲ. ಹಿತ್ತಲಲ್ಲಿ ಗೋಡೆಗೆ ಕನ್ನಡಿ ತಗಲಾಕ್ಕೊಂಡು ಶೇವ್ ಮಾಡ್ಕೋತಿದ್ದೆ. ನಲ್ಲಿ ನನ್ನ ಬೆನ್ನ ಹಿಂದೆ. ಮೊಳೆ ಸಡಿಲ ಆಗಿ ಕನ್ನಡಿ ಒಂದು ಬೆರಳಷ್ಟು ವಾಲಿತ್ತು. ಗದ್ದ ಎತ್ತಿದೆ, ನನ್ನ ಕಿವಿ ಪಕ್ಕದಲ್ಲಿ ನೀರು ಬೀಳ್ತಾ ಇತ್ತು. ರೇಜರ್ ಹಂಗೇ ಹಿಡ್ಕೊಂಡು ನಿಂತುಬಿಟ್ಟೆ. ನಿಲ್ಲಲಿಲ್ಲ ಅದು. ಕನ್ನಡಿ ಕಡೆ ನೋಡೋನನ್ನ ನೋಡ್ತಿದ್ದಾನೆ ಅಂತ ಲೆಕ್ಕಕ್ಕೆ ತಗೊಳ್ಳಲಿಲ್ಲ ಅಂತ ಕಾಣುತ್ತೆ. ನಲವತ್ತೆಂಟು ವರ್ಷ ಆ ನೀರಲ್ಲಿ ಸ್ನಾನ ಮಾಡಿದ್ದೀನಿ, ಅವತ್ತೇ ನೋಡಿದ್ದು. ಮೊಳೆ ಸರಿ ಮಾಡ್ಲಿಲ್ಲ. ಆಮೇಲೆ ದಿನಾ ಶೇವ್ ಮಾಡ್ಕೊಂಡೆ. ಮಂಗಳ, "ಏನ್ರೀ, ಈ ವಯಸ್ಸಲ್ಲಿ ಯಾರಿಗೆ ತೋರ್ಸೋಕೆ?" ಅಂತ ಛೇಡಿಸಿದ್ಲು. ನಾಲ್ಕು ತಿಂಗಳು ನನ್ನ ಕೆನ್ನೆ ಬೆಣ್ಣೆ ಥರ ಇತ್ತು.

ನೀರು ಸಣ್ಣ ಆದ ಕೂಡಲೇ ನನಗೆ ಗೊತ್ತಾಯ್ತು, ಕನ್ನಡಿ ಲೆಕ್ಕಕ್ಕೆ ಬರುತ್ತೆ ಅಂತ. ಗಡ್ಡ ಬಿಟ್ಟೆ. ಒಂದು ವಾರ ಹಿತ್ತಲ ಕಡೆ ತಲೆ ಹಾಕ್ಲಿಲ್ಲ. ನೀರು ಹಂಗೇ ಸಣ್ಣ. ಕೋಪ ಇಳಿಯೋಕೆ ಟೈಮ್ ಬೇಕು ಅಂದ್ಕೊಂಡೆ. ನಾಲ್ಕು ತಿಂಗಳು ನೋಡಿದ್ದೀನಿ, ನಾಲ್ಕು ತಿಂಗಳಾದ್ರೂ ಮುನಿಸ್ಕೊಳ್ಳಲ್ವಾ?

ಅಷ್ಟರಲ್ಲಿ ಮಂಗಳ ಪ್ಲಂಬರ್ ದಾದಾಪೀರ್‌ನ ಕರೆಸಿದ್ಲು. ದಾದಾಪೀರ್ ನಲ್ಲಿಗೆ ಬೆನ್ನು ಕೊಟ್ಟು, ಕೈ ಎರಡೂ ಹಿಂದಕ್ಕೆ ಚಾಚಿ, ಸೂರಿನ ಕಡೆ ನೋಡ್ತಾ ಕೆಲಸ ಮಾಡೋನು. ಪೊಲೀಸರು ಹಿಡ್ಕೊಂಡು ಹೋಗೋ ಕಳ್ಳನ ಥರ ಕಾಣ್ತಾನೆ, ಆದ್ರೆ ಊರಲ್ಲಿ ಅವನಷ್ಟು ಚೊಕ್ಕ ಕೆಲಸ ಯಾರದೂ ಇಲ್ಲ. ನಲ್ಲಿ ಬಿಟ್ಟು ಸ್ವಲ್ಪ ಹೊತ್ತು ಕೇಳಿದ.

"ಓಂಕಾರಣ್ಣ, ಇದಕ್ಕೆ ನಾಲ್ಕು ದಾರಿ ಐತೆ," ಅಂದ. "ಟ್ಯಾಂಕ್ ಇನ್ನೊಂದು ಆಳೆತ್ತರ ಮೇಲಕ್ಕೆ ಎತ್ತಬಹುದು. ಇಲ್ಲ, ಮೋಟ್ರು ಕೂರಿಸಬಹುದು. ಇಲ್ಲ, ಗೋಡೆ ಒಡೆದು ಪೈಪ್ ಬದಲಾಯಿಸ್ಬಹುದು. ನಾಲ್ಕನೇದು ನಿಮ್ಮ ಮನೆ ವಿಚಾರ, ನಾನು ಹೇಳಂಗಿಲ್ಲ."

"ಪೈಪ್ ಬದಲಾಯಿಸು," ಅಂದ್ರು ಮಾವ ಮೆಟ್ಟಿಲ ಮೇಲಿಂದ. "ನನಗಿಂತ ವಯಸ್ಸಾದ ಪೈಪು ಅದು. ನನಗೇ ಎಲ್ಲ ಕಟ್ಕೊಂಡಿದೆ, ಅದಕ್ಕೆ ಕಟ್ಕೊಳ್ಳಲ್ವೇನಪ್ಪ?"

"ಗೋಡೆ ಒಡೆದ್ರೆ ಧೂಳು ಯಾರು ಗುಡಿಸ್ತಾರೆ? ಮೋಟ್ರು ಹಾಕ್ಸಿ," ಅಂದ್ಲು ಮಂಗಳ.

"ಪೈಪಿಗೇನೂ ಆಗಿಲ್ಲ," ಅಂದೆ ನಾನು. ಎಷ್ಟು ಖಡಾಖಂಡಿತವಾಗಿ ಅಂದೆ ಅಂದ್ರೆ ದಾದಾಪೀರ್ ಕೂಡ ತಿರುಗಿ ನೋಡಿದ, ಕಣ್ಣು ನಲ್ಲಿ ಮೇಲೆ ಬಿದ್ದು ನೀರು ನಿಲ್ತು. ಆ ಮನೇಲಿ ಪೈಪು ಸರಿ ಇದೆ ಅಂತ ಗ್ಯಾರಂಟಿಯಾಗಿ ಗೊತ್ತಿದ್ದೋನು ನಾನೊಬ್ಬನೇ ಅಲ್ವಾ? ತಾತನ ಗೋಡೆ, ಒಡೆದ್ರೆ ಕುಸಿಯುತ್ತೆ, ಇನ್ನೊಂದು ತಿಂಗಳು ನೋಡೋಣ ಅಂತ ಏನೇನೋ ಹೇಳಿ ದಾದಾಪೀರ್‌ಗೆ ಕಾಫಿ ಕೊಟ್ಟು ಕಳಿಸಿದೆ. ಅಷ್ಟರೊಳಗೆ ನೀರಿನ ಕೋಪ ಇಳಿದ್ರೆ ಸಾಕು ಅಂತ ನನ್ನ ಲೆಕ್ಕ.

ಇಳೀಲಿಲ್ಲ. ಮೂರನೇ ವಾರ ಮಂಗಳ ಮಾವನ ರೂಮು ಗುಡಿಸೋಕೆ ಹೋದೋಳು ಸೆರಗಿನಡಿ ಏನೋ ಮುಚ್ಚಿಟ್ಕೊಂಡು ಇಳಿದು ಬಂದ್ಲು. ಮುಖ ಕೆಂಪಾಗಿತ್ತು. ನಡುಮನೇಲಿ ಚಾಪೆ ಮೇಲೆ ಬಿಚ್ಚಿ ಹಾಸಿ, ತಾನು ಗೋಡೆ ಕಡೆ ತಿರುಗಿ ನಿಂತ್ಲು.

"ಮಂಚದ ಕೆಳಗೆ ಸುತ್ತಿಟ್ಟಿದ್ರು. ನೀವೇ ನೋಡಿ," ಅಂದ್ಲು.

ಡ್ರಾಯಿಂಗ್ ಶೀಟಿನ ತುಂಬ ನಮ್ಮ ಹಿತ್ತಲ ನಲ್ಲಿ. ಹಿತ್ತಾಳೆ ಹಿಡಿ, ಕೆಳಗಿನ ಕಲ್ಲು, ಕಲ್ಲಿನ ಮೂಲೇಲಿ ಪಾಚಿ, ಎಲ್ಲ ಕಣ್ಣಿಗೆ ಕಟ್ಟಿದಂಗೆ. ನಲ್ಲಿಯಿಂದ ನೀರು ಬೀಳ್ತಿದೆ. ನಮ್ಮೂರಲ್ಲಿ ಇಂಥ ಚಿತ್ರ ಮನೇಲಿಟ್ಕೊಳ್ಳೋದು ಅಂದ್ರೆ ಏನು ಅಂತ ಬೇರೆ ಊರಿನೋರಿಗೆ ಹೇಳೋದು ಕಷ್ಟ. ಮರ್ಯಾದಸ್ಥರ ಮನೇಲಿ ಇರೋ ವಸ್ತು ಅಲ್ಲ, ಅಷ್ಟು ತಿಳ್ಕೊಳ್ಳಿ.

ನಾನು ನೋಡಿದೆ. ನೋಡಿದ ಕೂಡಲೇ ಗೊತ್ತಾಯ್ತು. ಚಿತ್ರ ತಪ್ಪು.

ಮಾವ ಬರೆದ ನೀರು ನಲ್ಲಿ ಬಾಯಲ್ಲಿ ದಾರದಂಗೆ ಸಣ್ಣಗೆ ಶುರುವಾಗಿ, ಇಳೀತಾ ಇಳೀತಾ ಅಗಲ ಆಗಿ, ಕಲ್ಲು ಮುಟ್ಟೋ ಹೊತ್ತಿಗೆ ಪೊರಕೆ ಬಿಚ್ಚಿದಂಗೆ ಹರಡಿಕೊಂಡಿತ್ತು. ನೀರು ಹಂಗೆ ಬೀಳಲ್ಲ. ಮೇಲೆ ದಪ್ಪ ಇರುತ್ತೆ. ಇಳೀತಾ ಸಣ್ಣ ಆಗುತ್ತೆ, ಒಂದು ಸುತ್ತು ತಿರುಚಿಕೊಳ್ಳುತ್ತೆ, ಕೆಳಗೆ ಬಂದು ಮಣಿ ಮಣಿಯಾಗಿ ಬಿಡಿ ಆಗುತ್ತೆ. ಒಂದೇ ಒಂದು ಸಲ ನೋಡಿದೋನು ಕೂಡ ಪೊರಕೆ ಥರ ಬರೆಯಲ್ಲ. ಅದೂ ಮುರಿಗೆಪ್ಪ ಮೇಷ್ಟ್ರು, ಕಲ್ಲಿನ ಪಾಚಿನೂ ಬಿಡದೆ ಬರೆದೋರು, ನೋಡಿದ್ದಿದ್ರೆ ಹಂಗೆ ಬರೀತಿದ್ರಾ?

ಈ ಮಾತು ಆಡೋಕೆ ಆ ಮನೇಲಿ ಇದ್ದಿದ್ದು ನಾನೊಬ್ಬನೇ. ಆಡಿದ್ರೆ ನಿಂಗೆ ಹೆಂಗೆ ಗೊತ್ತು ಅಂತ ಕೇಳ್ತಾರೆ.

ಮಾವ ಸಂಜೆ ವಾಕಿಂಗ್ ಮುಗಿಸಿ ಬಂದೋರು ಚಾಪೆ ನೋಡಿ ಬಾಗಿಲಲ್ಲೇ ನಿಂತ್ರು.

"ಏನು ಮಾವ ಇದು?" ಅಂದ್ಲು ಮಂಗಳ.

"ಚಿತ್ರ ಕಣಮ್ಮ."

"ಅದು ಗೊತ್ತಾಗುತ್ತೆ. ಯಾವಾಗ ನೋಡಿದ್ರಿ?"

"ನೋಡಿಲ್ಲ. ಕೇಳಿ ಬರೆದೆ."

"ಕೇಳಿ ಬರೆಯೋಕೆ ಇದೇನು ಉಕ್ತಲೇಖನನಾ?"

ಮಾವನಿಗೆ ನಗು ಬಂತು. ನಗಬಾರದಿತ್ತು. "ದಿನಾ ಬೆಳಿಗ್ಗೆ ಮೇಲೆ ಕೂತು ಕೇಳ್ತೀನಿ ಕಣಮ್ಮ. ನಲ್ಲಿ ಬಾಯಲ್ಲಿ ಸದ್ದೇ ಇರಲ್ಲ, ಸಣ್ಣಕ್ಕಿರುತ್ತೆ. ಕೆಳಗೆ ಬಂದಂಗೆ ಸದ್ದು ದೊಡ್ಡದು, ಅಗಲ. ಹಂಗಾಗಿ ಹಿಂಗೇ ಇರ್ಬೇಕು ಅಂತ ಬರೆದೆ. ಒಂದು ಆಸೆ ಅಷ್ಟೇ. ನಲವತ್ತು ವರ್ಷ ನೋಡಿ ನೋಡಿ ಬರೆದಿದ್ದಾಯ್ತು, ನೋಡದೇ ಇರೋದೊಂದು ಬರೀಬೇಕು ಅನ್ನಿಸ್ತು."

"ನಾನು ದಿನಾ ಬೆಳಿಗ್ಗೆ ತಣ್ಣೀರಿಗೆ ಕೈ ಒಡ್ಡಿ ಅರ್ಧ ಗಂಟೆ ನಿಲ್ತೀನಿ ಮಾವ," ಅಂದ್ಲು ಮಂಗಳ. ದನಿ ಏರಿಸಲಿಲ್ಲ, ಕಣ್ಣಲ್ಲಿ ನೀರಿತ್ತು. "ಮಂಡಿ ಹಿಡ್ಕೊಳ್ಳುತ್ತೆ. ನೋಡಿದ್ದೀನಿ ಅಂದುಬಿಡಿ, ನನಗೆ ಕೋಪ ಇಲ್ಲ. ನೋಡಿಲ್ಲ ಅಂತ ಮಾತ್ರ ಅನ್ಬೇಡಿ."

ಮಾವ ನನ್ನ ಕಡೆ ತಿರುಗಿದ್ರು. "ನೀನೇನಂತೀಯ ಓಂಕಾರ?"

ನಾನು ಅವತ್ತು ಮೂರು ವಾರದ ಗಡ್ಡದಲ್ಲಿದ್ದೆ. ಗಡ್ಡ ಕೆರ್ಕೊಂಡೆ. ಚಾಪೆ ಮೇಲಿನ ನೀರು ನೋಡಿದೆ. ತಪ್ಪು ಎಷ್ಟು ಸಣ್ಣದಿತ್ತು ಅಂದ್ರೆ ರಬ್ಬರ್ ತಗೊಂಡು ಎರಡು ಗೆರೆ ಅಳಿಸಿದ್ರೆ ಸರಿ ಹೋಗ್ತಿತ್ತು.

"ಸ್ವಲ್ಪ ದಿನ ಬೇರೆ ಕಡೆ ಇದ್ದು ನೋಡು ಮಾವ," ಅಂದೆ. "ನೀರು ಹಂಗೇ ಇದ್ರೆ ನೀನಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತೆ."

ಎಷ್ಟು ನ್ಯಾಯವಾಗಿ ಕೇಳಿಸುತ್ತಲ್ವಾ? ನನಗೂ ಹಂಗೇ ಕೇಳಿಸ್ತು. ಮಾವ ತಲೆ ಆಡಿಸಿದ್ರು. "ಅದೂ ಸರಿನೇ," ಅಂದ್ರು. ಚಿತ್ರ ಸುತ್ತಿ ಕಂಕುಳಲ್ಲಿ ಇಟ್ಕೊಂಡ್ರು. ಮಾರನೇ ದಿನ ಟ್ರಂಕು ನಾನೇ ಆಟೋಗೆ ಇಟ್ಟೆ. ಮೂವತ್ತೊಂದು ವರ್ಷದ ಟ್ರಂಕು ಒಂದು ಕೈಯಲ್ಲಿ ಎತ್ತುವಷ್ಟು ಹಗುರ ಇತ್ತು. ಹಳೇ ಬಸ್‌ಸ್ಟ್ಯಾಂಡ್ ಹಿಂದೆ ಅವರ ಶಿಷ್ಯನೊಬ್ಬ ಬೋರ್ಡ್ ಬರೆಯೋ ಅಂಗಡಿ ಇಟ್ಕೊಂಡಿದ್ದ, ಅದರ ಹಿಂದಿನ ರೂಮಿಗೆ ಹೋದ್ರು.

ಇದಾದ ಮೇಲೆ ಮಂಗಳ ದಾದಾಪೀರ್‌ನ ಮತ್ತೆ ಕರೆಸಿ ಮಹಡಿ ಮೇಲಿನ ಲೈನು ಬಂದ್ ಮಾಡಿಸಿದ್ಲು, ಖಾಲಿ ರೂಮಿಗೆ ನೀರ್ಯಾಕೆ ಅಂತ. ಅವನು ಸೂರು ನೋಡ್ತಾ ಸುತ್ತಿಗೇಲಿ ಪೈಪಿಗೆ ನಾಲ್ಕು ಏಟು ಕೊಟ್ಟು ಮುಚ್ಚಳ ತಿರುಗಿಸಿದ. ಅವತ್ತು ಸಂಜೆ ಹಿತ್ತಲ ನಲ್ಲಿ ಧೋ ಅಂತು. ಬಕೆಟ್ ಐದೇ ನಿಮಿಷಕ್ಕೆ ತುಂಬ್ತು. ಮಂಗಳ ರಾತ್ರಿ ಊಟಕ್ಕೆ ಶಾವಿಗೆ ಪಾಯಸ ಮಾಡಿದ್ಲು. ನಾನು ಎರಡು ಲೋಟ ಕುಡಿದೆ. ನನಗೆ ಗೊತ್ತಿತ್ತು, ನೀರು ಕ್ಷಮಿಸಿದ್ದು ನನ್ನನ್ನ, ನಾನು ನೋಡೋದು ಬಿಟ್ಟು ತಿಂಗಳಾಗಿತ್ತಲ್ಲ. ಆದ್ರೆ ಪಾಯಸ ಸುಡ್ತಿದ್ದಾಗ ಹೇಳೋ ಮಾತಲ್ಲ ಅದು. ಇನ್ನೊಂದು ವಾರ ಹೋಗ್ಲಿ, ಮಾವನ್ನ ಕರ್ಕೊಂಡು ಬರೋಣ ಅಂದ್ಕೊಂಡೆ. ಆ ವಾರದಾಚೆ ಇನ್ನೊಂದು ವಾರ ಇತ್ತು. ವಾರಗಳಿಗೇನು ಬರ ನಮ್ಮೂರಲ್ಲಿ? ಬಸ್‌ಸ್ಟ್ಯಾಂಡ್ ಕಡೆ ಹೋಗೋ ಕೆಲಸ ಇದ್ದಾಗ ಮಾರ್ಕೆಟ್ ಸುತ್ತಿ ಹೋಗೋಕೆ ಕಲಿತೆ.

ಒಂದೂವರೆ ವರ್ಷ ಆದ ಮೇಲೆ ನೀರು ಮತ್ತೆ ಸಣ್ಣ ಆಯ್ತು. ಈ ಸಲ ಮನೇಲಿ ಇದ್ದಿದ್ದು ಇಬ್ಬರೇ. ಮಂಗಳ ನನ್ನ ಮುಖ ನೋಡಿದ್ಲು, ನಾನು ಅವಳ ಮುಖ ನೋಡಿದೆ. ನಾನು ಕನ್ನಡಿ ತೆಗೆದು ಬೀರುವಲ್ಲಿಟ್ಟು ಅಷ್ಟೂ ದಿನ ಆಗಿತ್ತು, ಕಟಿಂಗ್ ಶಾಪಲ್ಲಿ ಶೇವ್ ಮಾಡಿಸ್ಕೋತಿದ್ದೆ. ಅವಳೋ, ಕೊಡ ತುಂಬಿ ಮದುವೆ ಆದೋಳು, ಒಂದು ತೊಟ್ಟು ಚೆಲ್ಲಿದೋಳಲ್ಲ. ಎಂಟು ದಿನ ಒಬ್ಬರು ಸ್ನಾನಕ್ಕೆ ಹೋದ್ರೆ ಇನ್ನೊಬ್ಬರು ಬಾಗಿಲಲ್ಲಿ ಕಾವಲು. ಒಂಬತ್ತನೇ ದಿನ ನಾನೇ ಹೋಗಿ ದಾದಾಪೀರ್‌ನ ಕರೆದೆ. "ಗೋಡೆ ಒಡಿ," ಅಂದೆ.

ಅವನು ಗೋಡೆಗೆ ಬೆನ್ನು ಕೊಟ್ಟು, ಕೈ ಹಿಂದಕ್ಕೆ ಮಾಡಿ, ಒಂದು ಮೊಳ ಪೈಪ್ ಕತ್ತರಿಸಿ ತೆಗೆದ. ಹಂಗೇ ಸೂರು ನೋಡ್ತಾ ಕಿರುಬೆರಳು ಅದರೊಳಗೆ ತೂರಿಸೋಕೆ ಹೋದ. ಹೋಗ್ಲಿಲ್ಲ.

"ಓಂಕಾರಣ್ಣ, ಒಳಗೆಲ್ಲ ಸುಣ್ಣ," ಅಂದ. "ಪೆನ್ಸಿಲ್ ಹೋಗುವಷ್ಟೂ ಜಾಗ ಇಲ್ಲ. ಇದು ಕಟ್ಟೋಕೆ ಏನಿಲ್ಲ ಅಂದ್ರೂ ಐವತ್ತು ವರ್ಷ ಹಿಡಿದೈತೆ. ಹೋದ ಸಲ ನಾನು ಸುತ್ತಿಗೇಲಿ ಹೊಡೆದ್ನಲ್ಲ, ಒಂದಿಷ್ಟು ಉದುರಿ ದಾರಿ ಆಗಿರ್ಬೇಕು. ಈಗ ಉಳಿದಿದ್ದು ಕಳಚಿ ಬಂದು ಮತ್ತೆ ಸಿಕ್ಕಾಕ್ಕೊಂಡೈತೆ."

ಮಂಗಳ ಗೋಡೆ ಒರಗಿ ಕೂತುಬಿಟ್ಲು. "ಮಾವ ಅವತ್ತೇ ಹೇಳಿದ್ರಲ್ರೀ," ಅಂದ್ಲು. "ಪೈಪು ಅಂತ. ನೀವು ಯಾಕ್ರೀ ಅಷ್ಟು ಗಟ್ಟಿಯಾಗಿ ಬೇಡ ಅಂದ್ರಿ?"

ಪೈಪ್ ತುಂಡನ್ನ ಚೀಲಕ್ಕೆ ಹಾಕ್ಕೊಂಡು ಹೊರಟೆ. ಈ ಸಲ ಮಾರ್ಕೆಟ್ ಸುತ್ತಲಿಲ್ಲ.

ಮಾವ ರೂಮಲ್ಲಿ ಮಂಚದ ಮೇಲೆ ಕೂತಿದ್ರು. ಒಣಗಿದ್ರು. ಕುತ್ತಿಗೇಲಿ ಒಂದು ಕಪ್ಪು ಬಟ್ಟೆ ಪಟ್ಟಿ ಇಳಿಬಿದ್ದಿತ್ತು. "ಬಾರೋ," ಅಂದ್ರು, ನಿನ್ನೆ ಸಾಯಂಕಾಲ ಹೋದೋನು ಬಂದಂಗೆ. ನಾನು ಪೈಪ್ ಅವರ ಕೈಗೆ ಕೊಟ್ಟು ಸುಣ್ಣದ ವಿಷಯ ಹೇಳಿದೆ. ಬೆಳಕಿಗೆ ಹಿಡಿದು ಆ ಕಡೆಯಿಂದ ನೋಡಿದ್ರು, ಈ ಕಡೆಯಿಂದ ನೋಡಿದ್ರು. ಅವರ ಮುಖ ನೋಡ್ತಾ ನೋಡ್ತಾ ಸಡಿಲ ಆಯ್ತು.

"ಹಂಗಾದ್ರೆ ನಾನು ನೋಡಿಲ್ಲ," ಅಂದ್ರು.

"ಇಲ್ಲ ಮಾವ."

"ನಾನೇನು ಅಂದ್ಕೊಂಡಿದ್ದೆ ಗೊತ್ತಾ? ಇಲ್ಲಿಗೆ ಬಂದ ಮೇಲೆ ಅಲ್ಲಿ ನೀರು ಜೋರಾಯ್ತು ಅಂತ ಯಾರೋ ಹೇಳಿದ್ರು. ಹಂಗಾದ್ರೆ ನಾನೇ ಎಲ್ಲೋ ನಿದ್ದೆಗಣ್ಣಲ್ಲಿ ನೋಡಿದ್ದೀನಿ, ನನಗೇ ಗೊತ್ತಾಗ್ತಿಲ್ಲ ಅಂತ ಹೆದರಿಕೆ ಆಯ್ತು." ಕುತ್ತಿಗೆಯ ಪಟ್ಟಿ ಮುಟ್ಟಿ ತೋರಿಸಿದ್ರು. "ನಲ್ಲಿ ಹತ್ರ ಹೋಗೋವಾಗ ಇದು ಕಟ್ಕೋತೀನಿ. ಇಲ್ಲಿನೋರಿಗೆ ತೊಂದರೆ ಆಗೋದು ಬೇಡ ಅಂತ."

ಅದನ್ನ ಕೇಳಿದ ಮೇಲೆ ಸುಮ್ಮನಿರೋಕೆ ಆಗ್ಲಿಲ್ಲ. "ನೋಡ್ತಿದ್ದೋನು ನಾನು ಮಾವ," ಅಂದೆ. "ಕನ್ನಡೀಲಿ. ನಾಲ್ಕು ತಿಂಗಳು. ನನ್ನಿಂದಾನೇ ಅಂದ್ಕೊಂಡಿದ್ದೆ. ಅಂದ್ಕೊಂಡೂ ಸುಮ್ಮನಿದ್ದೆ."

ಬೈತಾರೆ ಅಂತ ಕಾದೆ. ಮಾವನ ಕಣ್ಣು ಅಗಲ ಆಯ್ತು. ಮಂಚದಿಂದ ಮುಂದಕ್ಕೆ ಸರಿದು, ಯಾರಾದ್ರೂ ಕೇಳಿಸ್ಕೊಂಡಾರು ಅನ್ನೋ ಹಂಗೆ ಬಾಗಿಲ ಕಡೆ ಒಂದು ಸಲ ನೋಡಿ, "ಹೆಂಗಿರುತ್ತೋ?" ಅಂತ ಕೇಳಿದ್ರು.

ನಾನು ಬಾಯಿ ತೆಗೆಯೋದ್ರೊಳಗೆ ಟ್ರಂಕಿನಿಂದ ಆ ಚಿತ್ರ ತಂದು ಮಂಚದ ಮೇಲೆ ಹಾಸಿದ್ರು. ನಾಲ್ಕು ಮೂಲೆಗೂ ಏನೇನೋ ಒತ್ತಿಟ್ರು, ಒಂದು ಮೂಲೆಗೆ ನಮ್ಮ ಪೈಪು. "ಸರಿ ಇದೆಯಾ?"

ಸರಿ ಇದೆ ಅನ್ನಬಹುದಿತ್ತು. ಸುಳ್ಳು ಹೇಳಿ ಅಭ್ಯಾಸ ಇಲ್ಲದೋನೇನಲ್ಲ ನಾನು. ಆದ್ರೆ ಅವತ್ತು ನಿಜ ಹೇಳಬೇಕು ಅಂತ ಹಟ ಮಾಡಿ ಬಂದಿದ್ದೆ, ಬೇಡದ ಕಡೆನೂ ಅದೇ ಬಾಯಿಗೆ ಬಂತು.

"ಇಲ್ಲ ಮಾವ. ಉಲ್ಟಾ ಬರೆದಿದ್ದೀಯ. ಮೇಲೆ ದಪ್ಪ, ಕೆಳಗೆ ಸಣ್ಣ. ನಡುವೆ ಒಂದು ಕಡೆ ತಿರುಚುತ್ತೆ. ಕಲ್ಲಿಗೆ ಬರೋದ್ರೊಳಗೆ ಮಣಿ ಆಗುತ್ತೆ."

ಮನೆ ಬಿಟ್ಟು ಹೋದ ದಿನವೂ ಅವರ ಮುಖ ಅಷ್ಟು ಇಳಿದಿರ್ಲಿಲ್ಲ. ಚಿತ್ರನ ಬಹಳ ಹೊತ್ತು ನೋಡಿದ್ರು. ಆಮೇಲೆ ನನ್ನ ನೋಡಿದ್ರು. ಯೋಚನೆ ಒಂದೊಂದೇ ಮೆಟ್ಟಿಲು ಇಳಿದು ಬರೋದು ಕಾಣ್ತಿತ್ತು.

"ಅಂದ್ರೆ ಅವತ್ತು ಚಾಪೆ ಮೇಲೆ ನೋಡಿದಾಗಲೇ ನಿನಗೆ ಗೊತ್ತಾಯ್ತು, ಇದು ತಪ್ಪು ಅಂತ."

"ಹೂಂ."

ಮನೆಗೆ ಬಾ ಅಂತ ಕರೆಯೋಕೆ ಬಂದಿದ್ದೆ. ಕರೀಲಿಲ್ಲ. ಮಾವ ತಲೆದಿಂಬಿನ ಪಕ್ಕದಿಂದ ರಬ್ಬರ್ ತಗೊಂಡ್ರು, ಪೆನ್ಸಿಲ್ ತಗೊಂಡ್ರು. ಅವರು ಬರೆದ ನೀರನ್ನ ಪೂರ್ತಿ ಅಳಿಸಿ ಪುಡಿ ಊದಿದ್ರು. ಪೆನ್ಸಿಲ್ ತುದಿ ನಲ್ಲಿ ಬಾಯಿಗೆ ಇಟ್ರು. ಕೈ ನಡುಗ್ತು. ಎಡಗೈಯಿಂದ ಬಲಗೈ ಹಿಡ್ಕೊಂಡು ಮತ್ತೆ ಇಟ್ರು. ಗೆರೆ ಅಡ್ಡಾದಿಡ್ಡಿ ಹೋಗಿ ಕಲ್ಲಿನ ಆಚೆ ಬಿತ್ತು.

"ಅವತ್ತೇ ಹೇಳಿದ್ದಿದ್ರೆ ತಿದ್ದಿರ್ತಿದ್ದೆ ಕಣೋ," ಅಂದ್ರು. "ಆವಾಗ ಕೈ ನೆಟ್ಟಗಿತ್ತು."